ತೊರೆಯ ಮೇಲಿನ ಅಂಗಡಿ

"ಗುರುಗಳೇ, ಊರಿಗಾಗಿ ಇದ್ದುದನ್ನೆಲ್ಲ ಕೊಟ್ಟೆ. ಈಗ ನನ್ನ ಹೆಸರೆತ್ತುವವರೂ ಇಲ್ಲ. ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದ ನಡುವೆ ತೊರೆಯೊಂದು ಹರಿಯುತ್ತಿತ್ತು. ಪೇಟೆ ಬೆಳೆದಂತೆ ಜನ ಅದರ ಮೇಲೆ ಚಪ್ಪಡಿ ಹಾಸಿ ಅಂಗಡಿ ಕಟ್ಟಿದರು. ನೀರು ಕತ್ತಲಲ್ಲಿ ಕೊಳೆಯಿತು. ಮಳೆಗಾಲ ಬಂದರೆ ಆ ಕೊಳಚೆ ಕೆಳಗಿನ ಕೇರಿಯ ಮನೆಗಳಿಗೆ ನುಗ್ಗುತ್ತಿತ್ತು. ತೊರೆಯನ್ನು ಬಿಡಿಸಬೇಕೆಂದು ಊರಿನವರು ತೀರ್ಮಾನಿಸಿದರು. ಉಳಿದವರೆಲ್ಲ ಜಾಗ ತೆರವು ಮಾಡಿದರು. ಒಬ್ಬ ಪಾತ್ರೆ ವ್ಯಾಪಾರಿ ಮಾತ್ರ ಒಪ್ಪಲಿಲ್ಲ. ಅವನ ಅಂಗಡಿಯೇ ಎಲ್ಲಕ್ಕಿಂತ ದೊಡ್ಡದು.

ಆ ವರ್ಷದ ಮಳೆಗೆ ಕೇರಿಯ ಜನ ಮಕ್ಕಳನ್ನು ಎತ್ತಿಕೊಂಡು ಮಾಳಿಗೆ ಹತ್ತಿ ಕುಳಿತರು. ವ್ಯಾಪಾರಿ ಅದನ್ನು ಕಣ್ಣಾರೆ ಕಂಡ. ಮಳೆ ನಿಂತ ಮೇಲೆ ತಾನೇ ಆಳುಗಳನ್ನು ಕರೆಸಿದ.

"ಅಣ್ಣ, ಅಪ್ಪ ಕಟ್ಟಿದ್ದನ್ನು ಕೆಡವಿದರೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ" ಎಂದ ತಮ್ಮ. ವ್ಯಾಪಾರಿ ಕೆಡವಿಸಿದ. ತಮ್ಮ ಮತ್ತೆ ಬರಲಿಲ್ಲ.

ತೊರೆ ಬೆಳಕು ಕಂಡಿತು. ದಡದಲ್ಲಿ ಹೊಂಗೆ, ನೇರಳೆ ನೆಟ್ಟರು. ಹುಲ್ಲು ಬಂತು, ಮೀನು ಬಂತು, ಮೀನಿನ ಹಿಂದೆ ಕೊಕ್ಕರೆಯೂ ಬಂತು. ಸಂಜೆಯಾದರೆ ಊರೇ ಅಲ್ಲಿ ನೆರೆಯುತ್ತಿತ್ತು.

ವ್ಯಾಪಾರಿಗೆ ಮಾತ್ರ ನೆಮ್ಮದಿ ಇಲ್ಲ. ಹಿಂದಿನ ಓಣಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದ. ಅಲ್ಲಿ ಕುಳಿತರೂ ಜೀವವೆಲ್ಲ ದಡದ ಮೇಲೆ. ಬಾಗಿಲು ಹಾಕಿಕೊಂಡು ಓಡಿ ಬರುತ್ತಿದ್ದ. ಹರಟುತ್ತ ಕುಳಿತವರ ಪಕ್ಕ ನಿಂತು, ತನ್ನ ಹೆಸರು ಬರುವುದೇ ಎಂದು ಕಿವಿಗೊಡುತ್ತಿದ್ದ. ಅವರು ಮದುವೆಯ ಮಾತಾಡುತ್ತಿದ್ದರು, ನೆಂಟರ ಮಾತಾಡುತ್ತಿದ್ದರು. ಇನ್ನೊಂದು ಗುಂಪಿನ ಬಳಿಗೆ ಹೋದರೆ ಅಲ್ಲೂ ಅಷ್ಟೇ. ವರ್ಷಗಳು ಹೀಗೇ ಕಳೆದವು.

ಒಂದು ಸಂಜೆ, ಆ ಕೇರಿಗೆ ಮದುವೆಯಾಗಿ ಬಂದಿದ್ದ ಹೆಂಗಸೊಬ್ಬಳು ಮಗುವಿನ ಕಾಲನ್ನು ನೀರಿಗೆ ಇಳಿಬಿಟ್ಟು ಆಡಿಸುತ್ತಿದ್ದಳು. ವ್ಯಾಪಾರಿ ತಡೆಯಲಾರದೆ ಕೇಳಿಯೇಬಿಟ್ಟ: "ತಾಯಿ, ಈ ತೊರೆ ಇಲ್ಲಿಗೆ ಹೇಗೆ ಬಂತು, ಗೊತ್ತೇ?"

ಅವಳು ನಕ್ಕಳು. "ಇದೇನಣ್ಣ ಹೀಗೆ ಕೇಳ್ತೀರಿ? ಮೊದಲಿನಿಂದಲೂ ಇಲ್ಲೇ ಇದೆಯಲ್ಲ!"

ವ್ಯಾಪಾರಿ ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಮಗು ನೀರು ಚಿಮ್ಮಿಸಿತು. ಪಂಚೆಯೆಲ್ಲ ಒದ್ದೆಯಾಯಿತು. ಅವನು ಬಾಯಿ ಮುಚ್ಚಿದ. ಚಪ್ಪಲಿ ಬಿಟ್ಟು, ಮಗುವಿನ ಪಕ್ಕದಲ್ಲಿ ತಾನೂ ಕಾಲಿಳಿಬಿಟ್ಟು ಕುಳಿತ. ಅಷ್ಟು ವರ್ಷಗಳಲ್ಲಿ ಅವನು ಆ ನೀರನ್ನು ಮುಟ್ಟಿದ್ದು ಅದೇ ಮೊದಲು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅಂಗಡಿ ಕೆಡವಿ ತೊರೆ ಬಿಡಿಸಿದವನು ತಾನೇ ಎಂದು ಅವಳಿಗೆ ಒಂದು ಮಾತಾದರೂ ಹೇಳಬಹುದಿತ್ತಲ್ಲ?" ಎಂದ.

"ಹೇಳಿದ್ದರೆ, ಆ ತೊರೆಯ ಮೇಲೆ ಮತ್ತೆ ಅಂಗಡಿ ಕಟ್ಟಿದಂತಾಗುತ್ತಿತ್ತು" ಎಂದರು ಗುರುಗಳು.