ನಡುಮನೆಯಲ್ಲಿ ಕೇಳದ ಡಗ್ಗಾ

"ಗುರುಗಳೇ, ಮಠಕ್ಕೆ ಬಂದು ಎಂಟು ವರ್ಷವಾಯಿತು," ಎಂದ ಮುರಿಗೆಯ್ಯ. "ದಿನವೂ ವಚನ ಕೇಳುತ್ತೇನೆ, ತಮ್ಮ ಮಾತು ಕೇಳುತ್ತೇನೆ. ಕಿವಿಗೆ ಎಲ್ಲವೂ ಬೀಳುತ್ತದೆ, ಎದೆಗೆ ಏನೂ ತಟ್ಟುವುದಿಲ್ಲ. ಇನ್ನೂ ಹೆಚ್ಚು ಓದಬೇಕೇ? ಇನ್ನೂ ಹೆಚ್ಚು ಹೊತ್ತು ಜಪಕ್ಕೆ ಕೂಡಬೇಕೇ?"

ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೂ ಅವನ ಹೆಂಡತಿಗೂ ಹಾಡು ಕೇಳುವ ಹುಚ್ಚು. ಅಂಗಡಿಯ ಹಿಂದಿನ ಸಣ್ಣ ಕೋಣೆಯೇ ಅವರ ಮನೆ. ಅಲ್ಲಿ ಒಂದು ಹಳೆಯ ಸ್ಟೀರಿಯೊ, ಎರಡು ಸಣ್ಣ ಸ್ಪೀಕರ್. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಭಜನೆಯ ಹಾಡಿನ ಹಿಂದೆ ತಬಲದ ಜೋಡಿ ನುಡಿಯುತ್ತಿತ್ತು. ಬಲಗೈಯ ತಬಲ ಕಿವಿಗೆ ಕೇಳುತ್ತಿತ್ತು. ಎಡಗೈಯ ಡಗ್ಗಾ ಗುಂ ಎಂದು ನೇರವಾಗಿ ಎದೆಗೇ ಬರುತ್ತಿತ್ತು. ಆಗ ಅವನು ಅವಳ ಮುಖ ನೋಡುತ್ತಿದ್ದ, ಅವಳು ಅವನ ಮುಖ ನೋಡುತ್ತಿದ್ದಳು.

"ಇಲ್ಲಿ ಮೂರನೆಯವರಿಗೆ ಕೂಡಲು ಜಾಗ ಇಲ್ಲ. ದೊಡ್ಡ ನಡುಮನೆ ಇದ್ದರೆ ಓಣಿಯವರನ್ನೆಲ್ಲ ಕರೆಯಬಹುದು," ಎಂದು ಅವಳು ಹೇಳುತ್ತಿದ್ದಳು.

ವ್ಯಾಪಾರಿ ಮನೆ ಕಟ್ಟಿಸತೊಡಗಿದ. ನಲವತ್ತು ಅಡಿಯ ನಡುಮನೆ. ಗೋಡೆಗಳು ಎದ್ದವು. ಚಾವಣಿ ಹಾಕುವ ಮುನ್ನ ಹೆಂಡತಿ ಕಾಮಾಲೆಯಾಗಿ ಹದಿನಾರೇ ದಿನದಲ್ಲಿ ತೀರಿಕೊಂಡಳು. ಅವನು ಮನೆಯನ್ನು ಅರ್ಧಕ್ಕೆ ಬಿಡಲಿಲ್ಲ. ಅವಳು ಹೇಳಿದ್ದಂತೆಯೇ ಮುಗಿಸಿದ.

ಗೃಹಪ್ರವೇಶಕ್ಕೆ ಓಣಿಯವರೆಲ್ಲ ಬಂದರು. ವ್ಯಾಪಾರಿ ಹಾಡು ಹಚ್ಚಿದ. ದನಿ ಬಂತು, ತಬಲ ಬಂತು, ಡಗ್ಗಾ ಬರಲಿಲ್ಲ. ಹಾಡು ಬುಡವಿಲ್ಲದ ಗಿಡದಂತೆ ಗಾಳಿಯಲ್ಲಿ ತೂಗುತ್ತಿತ್ತು. ಜನ ತಲೆಯಾಡಿಸಿದರು, ಉಂಡರು, ಹೋದರು. ವ್ಯಾಪಾರಿಗೆ ನಾಚಿಕೆಯಾಯಿತು. ದನಿ ಸರಿಯಾಗಲಿ, ಆಮೇಲೆ ಎಲ್ಲರನ್ನೂ ಕರೆಯುತ್ತೇನೆ ಎಂದುಕೊಂಡ.

ಸಣ್ಣ ಸ್ಪೀಕರ್ ತೆಗೆದು ದೊಡ್ಡವನ್ನು ತಂದ. ಅವನ್ನೂ ತೆಗೆದು ಎದೆಯೆತ್ತರದವನ್ನು ತಂದ. ಟೇಪು ಹಿಡಿದು ಅಳೆದು, ನಡುಮನೆಯ ನಟ್ಟನಡುವೆ ತನ್ನ ಕುರ್ಚಿ ಹಾಕಿದ. ಎಲ್ಲ ಕಡೆಯಿಂದಲೂ ಸಮನಾದ ಜಾಗವೇ ಒಳ್ಳೆಯ ಜಾಗ ಎಂದು ಅವನ ಲೆಕ್ಕ. ಬೇರೆ ಕುರ್ಚಿಗಳನ್ನು ಹೊರಗೆ ಹಾಕಿಸಿದ. ಅವು ದನಿಯನ್ನು ನುಂಗುತ್ತವೆ ಎಂದು ಯಾರೋ ಹೇಳಿದ್ದರು. ದನಿ ಏರಿಸಿದ. ಕಿಟಕಿಯ ಗಾಜು ನಡುಗಿತು, ಅಡುಗೆಮನೆಯ ತಾಟುಗಳು ಗಲಗಲ ಎಂದವು. ಅವನ ಕುರ್ಚಿಗೆ ಮಾತ್ರ ಡಗ್ಗಾ ಬರಲಿಲ್ಲ.

ಮೊದಮೊದಲು ಓಣಿಯವರು, "ಏನ್ರೀ, ಹಾಡು ಕೇಳಾಕ ಯಾವಾಗ ಕರೀತೀರಿ?" ಎಂದು ಕೇಳುತ್ತಿದ್ದರು. "ಇನ್ನೂ ಸರಿಯಾಗಿಲ್ಲ," ಎನ್ನುತ್ತಿದ್ದ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ಎರಡು ವರ್ಷ ಹೀಗೇ ಕಳೆಯಿತು. ದಿನವೂ ಸಂಜೆ ಅಷ್ಟು ದೊಡ್ಡ ನಡುಮನೆಯಲ್ಲಿ ಅವನೊಬ್ಬನೇ ಕೂಡುತ್ತಿದ್ದ. ಹಾಡು ಮುಗಿದ ಮೇಲೂ ಏಳುತ್ತಿರಲಿಲ್ಲ. ಎದ್ದು ಹೋಗಲು ಇನ್ನೊಂದು ಜಾಗ ಇರಲಿಲ್ಲ.

ಕೊನೆಗೆ ವ್ಯಾಪಾರಿ ಹೇಳಿಕಳಿಸಿದ ಮೇಲೆ ಮೌಲಾಸಾಬ ಎಂಬ ಮುದುಕ ಬಂದ. ನಾಟಕ ಕಂಪನಿಗಳಿಗೆ ಮೈಕು, ಸ್ಪೀಕರ್ ಕಟ್ಟಿ ಕೂದಲು ನರೆತವನು. ಅವನು ಸ್ಪೀಕರ್ ಬಿಚ್ಚಲಿಲ್ಲ, ತಂತಿ ಮುಟ್ಟಲಿಲ್ಲ. ಹಾಡು ಹಚ್ಚಿಸಿ, ಚಪ್ಪಲಿ ಬಿಟ್ಟು, ಗೋಡೆಯ ಗುಂಟ ಒಂದು ಸುತ್ತು ನಡೆದ. ಅಡುಗೆಮನೆಯ ಬಾಗಿಲ ಬಳಿ ನಿಂತ.

"ಸಾವುಕಾರ್ರ, ಇಲ್ಲಿ ಬರ್ರಿ," ಎಂದ.

ವ್ಯಾಪಾರಿ ಕುರ್ಚಿಯಿಂದ ಎದ್ದು ಹೋದ. ಗೋಡೆ ಇನ್ನೂ ಎರಡು ಹೆಜ್ಜೆ ದೂರವಿರುವಾಗ ಡಗ್ಗಾ ಅವನ ಎದೆಗೆ ತಾಕಿತು. ಅವನು ಅಲ್ಲೇ ನಿಂತುಬಿಟ್ಟ.

"ಡಗ್ಗಾದಂಥ ತಗ್ಗಿನ ದನಿ ಗ್ವಾಡಿಗೆ ಹೋಗಿ ತಿರುಗಿ ಬರ್ತದ್ರಿ," ಎಂದ ಮೌಲಾಸಾಬ. "ನೀರಿನ ಅಲಿ ಇದ್ದಂಗ. ಹೋಗೋ ಅಲಿ, ಬರೋ ಅಲಿ ಗ್ವಾಡಿ ಹಂತ್ಯಾಕ ಒಂದಕ್ಕೊಂದು ಕೂಡ್ತಾವ. ನಟ್ಟನಡುವ ಒಂದನ್ನೊಂದು ತಿಂದು ಹಾಕ್ತಾವ. ನೀವು ಎಷ್ಟು ದೊಡ್ಡ ಸ್ಪೀಕರ್ ತಂದ್ರೂ ಆ ಕುರ್ಚಿಗೆ ಸಿಗೂದಿಲ್ಲ. ಸ್ಪೀಕರ್ ಮೂಲಿಗೆ ಸರಸೂಣು, ಕುರ್ಚಿ ಗ್ವಾಡಿಗೆ ಹಾಕೂಣು. ಅಷ್ಟ."

ಅಡುಗೆಮನೆಯ ಬಾಗಿಲಲ್ಲಿ ಅಡುಗೆಯ ದ್ಯಾಮವ್ವ ನಿಂತಿದ್ದಳು. ಗೃಹಪ್ರವೇಶದ ದಿನದಿಂದ ಆ ಮನೆಯಲ್ಲಿ ರೊಟ್ಟಿ ಬಡಿಯುವವಳು ಅವಳೇ.

"ನನಗ ದಿನಾ ಬರ್ತಿತ್ರಿ," ಎಂದಳು ಅವಳು. "ಈ ಗ್ವಾಡಿಗೆ ಬೆನ್ನು ಹಚ್ಚಿ ನಿಂತು ಕೇಳ್ತೀನಿ. ನಮ್ಮ ಮನೆಯವರು ಭಜನಿ ಮ್ಯಾಳದಾಗ ಡಗ್ಗಾ ಬಾರಸ್ತಿದ್ರು. ಹ್ವಾದ ಮ್ಯಾಲೆ ಕೇಳೂದು ಇಲ್ಲೇ."

ವ್ಯಾಪಾರಿ ಅವಳನ್ನು ನೋಡಿದ. ಎರಡು ವರ್ಷ ಅವಳ ಕೈಯ ರೊಟ್ಟಿ ಉಂಡಿದ್ದ. ಅವಳಿಗೊಬ್ಬ ಗಂಡನಿದ್ದ, ಅವನು ತೀರಿಕೊಂಡ ಎಂಬುದನ್ನು ಅವನು ಆ ದಿನ ತಿಳಿದ.

"ಡಗ್ಗಾ ಇಲ್ಲಿ ಕೇಳ್ತದ ಅಂತ ನನಗ್ಯಾಕ ಹೇಳಲಿಲ್ಲ ನೀನು?"

"ಅಷ್ಟು ದೊಡ್ಡ ನಡುಮನಿಯಾಗ ನೀವು ಒಬ್ಬರ ಕುಂತಿರ್ತಿದ್ರಿ. ಅಲ್ಲೀತನಕ ನಡಕೊಂಡು ಬರಾಕ ನನಗ ಧೈರ್ಯ ಆಗಲಿಲ್ರಿ."

ಮೌಲಾಸಾಬ ಸ್ಪೀಕರ್‌ಗಳನ್ನು ಮೂಲೆಗೆ ಸರಿಸಿ, ಕುರ್ಚಿಯನ್ನು ಆ ಗೋಡೆಗೆ ಹಾಕಿ, ಚಹಾ ಕುಡಿದು ಹೋದ. ವ್ಯಾಪಾರಿ ಕುರ್ಚಿಯಲ್ಲಿ ಕೂಡಲಿಲ್ಲ. ಕೆಳಗೆ ಕೂತು ಗೋಡೆಗೆ ಬೆನ್ನು ಕೊಟ್ಟ. ಡಗ್ಗಾ ಬಂತು. ತುಂಬಿ ಬಂತು, ಸಣ್ಣ ಕೋಣೆಯಲ್ಲಿ ಬರುತ್ತಿದ್ದ ಹಾಗೆಯೇ ಬಂತು. ರೂಢಿಯಂತೆ ಅವನು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಬರೀ ನೆಲವಿತ್ತು. ಹೆಂಡತಿ ಸತ್ತಂದಿನಿಂದ, ಮೊದಲು ಮನೆ ಮುಗಿಸುವ, ಆಮೇಲೆ ದನಿ ಸರಿಮಾಡುವ ಗಡಿಬಿಡಿಯಲ್ಲಿ ಅವನು ಅತ್ತಿರಲಿಲ್ಲ. ಈಗ ಸರಿಮಾಡುವುದು ಏನೂ ಉಳಿದಿರಲಿಲ್ಲ. ಮೊಣಕಾಲಿಗೆ ಮುಖ ಒತ್ತಿ ಅತ್ತ.

ದ್ಯಾಮವ್ವ ಅಡುಗೆಮನೆಯೊಳಗೆ ಹೋಗಲಿಲ್ಲ. ಬಾಗಿಲ ಇನ್ನೊಂದು ಬದಿಗೆ, ಅದೇ ಗೋಡೆಗೆ ಒರಗಿ ಕೆಳಗೆ ಕೂತಳು. ಹಾಡು ಮುಗಿಯುವ ಹೊತ್ತಿಗೆ ಅವಳು, "ಇದ್ರಾಗ ಡಗ್ಗಾ ಬಾರಸಾವನ ಕೈ ಸ್ವಲ್ಪ ಭಾರ ಆತ್ರಿ. ನಮ್ಮವರದು ಹಗುರಿತ್ತು," ಎಂದಳು.

"ಹೆಂಗ ಬಾರಸ್ತಿದ್ರು?" ಎಂದು ಕೇಳಿದ ವ್ಯಾಪಾರಿ.

ಅವಳು ನೆಲದ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ಸ್ವಲ್ಪ ಯೋಚಿಸಿ, "ಹಾಗಾದರೆ ಜಪಕ್ಕೆ ನಾನು ಕೂಡುವ ಜಾಗ ಬದಲಿಸಬೇಕೇ, ಗುರುಗಳೇ?" ಎಂದ.

"ಮುರಿಗೆಯ್ಯ, ದಾಸೋಹದ ಪಂಕ್ತಿಯಲ್ಲಿ ದಿನವೂ ನಿನ್ನ ಎಡಕ್ಕೆ ಕೂತು ಉಣ್ಣುವವನ ಊರು ಯಾವುದು?" ಎಂದರು ಗುರುಗಳು.

ಆ ದಿನದ ಪಂಕ್ತಿಯಲ್ಲಿ ಮುರಿಗೆಯ್ಯ ಕೂತವನೇ ಎಡಕ್ಕೆ ತಿರುಗಿ, "ನಿಮ್ಮ ಊರು ಯಾವುದು?" ಎಂದು ಕೇಳಿದ.