ಚಿತ್ರದೊಳಗಿನ ಕೂಸು

“ಗುರುಗಳೇ, ನಿನ್ನೆ ಪೇಟೆಯ ಬೀದಿಯಲ್ಲಿ ಒಬ್ಬ ಬಡ ತಾಯಿಯನ್ನೂ ಅವಳ ಕೂಸನ್ನೂ ಕಂಡು ನನಗೆ ಕಣ್ಣೀರು ಬಂತು. ಇದು ಕರುಣೆಯಲ್ಲವೇ?” ಎಂದು ಶಿಷ್ಯ ಕೇಳಿದ. ದನಿಯಲ್ಲಿ ಸಂಕಟವಿತ್ತು, ಕೊಂಚ ಹೆಮ್ಮೆಯೂ ಇತ್ತೆನ್ನಿ.

ಗುರುಗಳು ಕೂರಲು ಸನ್ನೆ ಮಾಡಿ ಹೇಳತೊಡಗಿದರು.

ಹತ್ತಿ ಗಿರಣಿಗಳು ಹೊಸದಾಗಿ ಎದ್ದ ಕಾಲ. ಒಂದು ಪಟ್ಟಣದಲ್ಲಿ, ಗಿರಣಿಯ ಬಾಗಿಲಲ್ಲಿ ಕಸದ ಹತ್ತಿ ಆಯ್ದು ಹೊಟ್ಟೆ ಹೊರೆಯುವ ಒಬ್ಬ ತಾಯಿ ಇದ್ದಳು. ಹೆತ್ತ ಎರಡು ಮಕ್ಕಳು ಕೈತಪ್ಪಿ ಹೋಗಿದ್ದವು. ಜನರ ದೃಷ್ಟಿ ತಾಗಿಯೇ ಹೋದವೆಂದು ಅವಳ ನಂಬಿಕೆ. ಮೂರನೆಯದು ಹೆಣ್ಣು, ಎಂಟು ತಿಂಗಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಅದೋ, ಸೆರಗು ಸರಿಸಿ ಇಣುಕಿ ಕಂಡವರಿಗೆಲ್ಲ ನಗುತ್ತಿತ್ತು.

ಅಲ್ಲಿಗೆ ಒಬ್ಬ ಚಿತ್ರಕಾರ ಬಂದ. ಬಡತನದ ಚಿತ್ರ ಬರೆದು ಆ ಪಟ್ಟಣದ ಅರಮನೆಯ ಪ್ರದರ್ಶನದಲ್ಲಿ ಪದಕ ಗೆಲ್ಲಬೇಕೆಂದು ಅವನಿಗೆ ಆಸೆ. ಕೂಸಿನೊಂದಿಗೆ ಬಂದು ಕೂತರೆ ದಿನಕ್ಕೊಂದು ಸೇರು ಅಕ್ಕಿ ಕೊಡುತ್ತೇನೆ ಎಂದ. ನೋಡುವವನು ಇವನೊಬ್ಬನೇ ತಾನೇ ಎಂದುಕೊಂಡು ಅವಳು ಒಪ್ಪಿದಳು.

ಮರುದಿನ ಕೂಸಿಗೆ ನೀರೆರೆದು, ನೆರೆಯವಳಿಂದ ಎಣ್ಣೆ ಕೇಳಿ ತಂದು ತಲೆ ಬಾಚಿ, ಆ ನೆರೆಯವಳ ಮಗುವಿನ ಅಂಗಿಯನ್ನೇ ಎರವಲು ತಂದು ತೊಡಿಸಿ ಕರೆತಂದಳು. ಚಿತ್ರ ಬರೆಸಿಕೊಳ್ಳುವುದೆಂದರೆ ಹಬ್ಬವೆಂದೇ ಅವಳು ತಿಳಿದಿದ್ದು, ಪಾಪ. ಚಿತ್ರಕಾರ ಮುಖ ಗಂಟಿಕ್ಕಿದ. ಅಂಗಿ ತೆಗೆಸಿದ, ಕೂದಲು ಕೆದರಿದ, ಕೆನ್ನೆಗೆ ಬೂದಿ ಸವರಿದ. ಕೂಸು ನಕ್ಕಾಗಲೆಲ್ಲ ಕುಂಚ ಕೆಳಗಿಟ್ಟು, ಆ ನಗು ಮುಗಿಯುವವರೆಗೆ ಕಾದ. ತಾಯಿ ಬೂದಿ ಒರೆಸಲು ಸೆರಗೆತ್ತಿದಳು. ಆದರೂ ಅಕ್ಕಿ ಬೇಕಿತ್ತು, ಸೆರಗು ಇಳಿಸಿ ಕೂತಳು.

ಪದಕ ಬಂತು. ಪ್ರದರ್ಶನಕ್ಕೆ ಜನ ಮುಗಿಬಿದ್ದರು. ನಿನ್ನ ಕೂಸನ್ನು ಊರಿಗೆ ಊರೇ ನೋಡುತ್ತಿದೆಯಲ್ಲೇ ಎಂದು ಜೊತೆಯ ಹೆಂಗಸರು ಹೇಳಿದರು. ಅವಳು ಆಯುತ್ತಿದ್ದ ಹತ್ತಿಯನ್ನು ಅಲ್ಲೇ ಬಿಟ್ಟು, ಕೂಸನ್ನು ಕಂಕುಳಿಗೇರಿಸಿಕೊಂಡು ಅರಮನೆಗೆ ಓಡಿದಳು.

ಚಿತ್ರದ ಮುಂದೆ ದೊಡ್ಡ ಮನೆತನದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ನಡುವೆ ನುಗ್ಗಿದಳು. ತನ್ನ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೆಗೆದು, ಚಿತ್ರದಲ್ಲಿದ್ದ ಕೂಸಿನ ಕೆನ್ನೆಗೆ ಒಂದು ಬೊಟ್ಟಿಟ್ಟಳು.

ಚಿತ್ರಕಾರ ಓಡಿಬಂದು ಕೈ ಹಿಡಿದ. ಚಿತ್ರ ಹಾಳುಮಾಡಿಬಿಟ್ಟೆಯಲ್ಲ ಎಂದು ಗದರಿದ.

“ಇಷ್ಟು ಜನ ನೋಡುತ್ತಿದ್ದಾರೆ ಸ್ವಾಮಿ. ಇಷ್ಟು ಚೆಂದದ ಕೂಸಿಗೆ ದೃಷ್ಟಿಯಾಗುವುದಿಲ್ಲವೇ?” ಎಂದಳು.

ಚಿತ್ರಕಾರ ತಾನು ಬೂದಿ ಬಳಿದ ಮುಖವನ್ನು ನೋಡಿದ. ಅವಳ ಕಂಕುಳಲ್ಲಿ ಕೂತು ತನ್ನತ್ತ ನಗುತ್ತಿದ್ದ ಮುಖವನ್ನೂ ನೋಡಿದ. ಹಿಡಿದ ಕೈ ಬಿಟ್ಟ. ಬೊಟ್ಟನ್ನು ಅಳಿಸಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಎಂಥ ತಾಯಿ ಎಂದು ಶಿಷ್ಯ ಮತ್ತೆ ಕಣ್ಣೊರೆಸಿಕೊಂಡ.

“ಅದಿರಲಿ, ನಿನ್ನೆ ನೀನು ಕಂಡ ಕೂಸು ಚೆಂದವಿತ್ತೇ?” ಎಂದರು ಗುರುಗಳು.