ಎದೆಗವಚ ತರಲು ಹೋದ ಗವಿಯಪ್ಪ

ಒಂದು ಒಗಟು ಹೇಳ್ತೀನಿ, ಬಿಡಿಸಿ. ಕುರ್ಚಿ ಮೇಲೆ ಕೂತು ಬರುತ್ತೆ, ದಾರಿಯುದ್ದಕ್ಕೂ ಬಾಳೆಹಣ್ಣು ತಿನ್ನುತ್ತೆ, ಕೆಳಗಿಳಿಸು ಅಂತ ಬೈಯುತ್ತೆ, ಆದರೂ ಅದು ಎದೆಗೆ ಕಟ್ಟಿಕೊಳ್ಳುವ ಕವಚ. ಏನದು?

ಸೋತ್ರಾ? ಸೋಲಲೇಬೇಕು. ಕಣ್ಣೆದುರಿಗೇ ನಡೆದರೂ ದೇವೀರಮ್ಮನಿಗೆ ಗೊತ್ತಾಗಲಿಲ್ಲ, ಇನ್ನು ನಿಮಗೆಲ್ಲಿ ಗೊತ್ತಾಗಬೇಕು.

ಈ ದೇವೀರಮ್ಮನಿಗೆ ಇಬ್ಬರು ಮಕ್ಕಳು. ದೊಡ್ಡವನು ಗವಿಯಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. ಹಾಲು ನೋಡ್ತಾ ಇರಪ್ಪ ಅಂದರೆ, ಹಾಲು ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿರುತ್ತಿದ್ದ. ಚಿಕ್ಕವಳು ಸಿಂಚನ, ಎಂಟನೇ ಕ್ಲಾಸು, ಕಡ್ಡಿಯಂಥ ಹುಡುಗಿ. ಆದರೆ ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಅವಳೇ ಕ್ಯಾಚರ್. ಅಂದರೆ ಬ್ಯಾಟು ಬೀಸುವವಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿಯುವವಳು. ಆ ಚೆಂಡು ಬರುವ ರಭಸಕ್ಕೆ ಬರೀ ಮೈಯಲ್ಲಿ ಕೂತರೆ ಹಲ್ಲು ಎಣಿಸಿಕೊಂಡು ಮನೆಗೆ ಬರಬೇಕು. ಅದಕ್ಕೇ ತಲೆಗೆ ಜಾಲರಿಯ ಹೆಲ್ಮೆಟ್ಟು, ಎದೆಗೆ ಕವಚ, ಕಾಲಿಗೆ ಗಾರ್ಡು.

ಶಾಲೆಯಲ್ಲಿದ್ದ ಹಳೇ ಸೆಟ್ಟನ್ನು ಇಲಿಗಳು ತಿಂದು ಮುಗಿಸಿದ್ದವು. ಭಾನುವಾರ ಬಾಣಾವರದ ಹುಡುಗಿಯರ ಮೇಲೆ ಪಂದ್ಯ. ಡ್ರಿಲ್ ಮೇಷ್ಟ್ರು ಹಾಲಪ್ಪ ಮನೆಗೇ ಬಂದರು.

"ಪೇಟೆಯ ಖಲೀಲ್ ಸಾಹೇಬರ ಅಂಗಡಿಗೆ ಹೇಳಿದೀನಿ ಕಣಮ್ಮ. ಸಾಮಾನು ಆರಿಸಿ ತಂದರೆ ಸಾಕು, ಮಿಕ್ಕಿದ್ದು ಶಾಲೆ ನೋಡ್ಕೊಳ್ಳುತ್ತೆ. ಆದರೆ ಮೈಗೆ ಸರಿಯಾಗಿ ಕೂರಬೇಕು. ಕೂರಲಿಲ್ಲವೋ, ಸಿಂಚನಳನ್ನ ಆಡಿಸಲ್ಲ. ಏಟು ಬಿದ್ದರೆ ನಿಮಗೆ ನಾನು ಹೇಗೆ ಮುಖ ತೋರಿಸಲಿ?"

ಸಿಂಚನ ಅವ್ವನ ಸೆರಗು ಹಿಡಿದುಕೊಂಡಳು. "ಆಡಿಸಲಿಲ್ಲ ಅಂದ್ರೆ ನಾನು ಶಾಲೆಗೇ ಹೋಗಲ್ಲ."

ದೇವೀರಮ್ಮ ಬಿಸಿಯೂಟದ ಅಡುಗೆಯವಳು, ಒಲೆ ಬಿಟ್ಟು ಹೋಗುವ ಹಾಗಿಲ್ಲ. ಸಿಂಚನಳಿಗೆ ದಿನಾ ಪ್ರಾಕ್ಟೀಸು. ಊರಲ್ಲಿ ಬಿಡುವಾಗಿದ್ದ ಒಂದೇ ಒಂದು ಪ್ರಾಣಿ ಗವಿಯಪ್ಪ.

"ಲೋ ಗವಿಯಾ, ಮೊದಲು ಎದೆ ಕವಚ ತಗೊಂಡು ಬಾ. ಬೆಳೆಯೋ ಹುಡುಗಿ ಕಣ್ಲಾ, ಸ್ವಲ್ಪ ದೊಡ್ಡದೇ ನೋಡಿ ತಾ." ಯೂನಿಫಾರಂ ತಂದರೂ ಹಾಗೆ, ಚಪ್ಪಲಿ ತಂದರೂ ಹಾಗೆ, ನಮ್ಮವ್ವಂದಿರು ಹೇಳುವುದೇ ಅದು. ಅವಳೇನೂ ತಪ್ಪು ಹೇಳಲಿಲ್ಲ.

"ಆಗ್ಲವ್ವ," ಅಂದ.

ಹೋದ. ಅಂಗಡಿಯಲ್ಲಿ ದೊಡ್ಡದು ಕೇಳಿದ. ಅದಕ್ಕಿಂತ ದೊಡ್ಡದು ಕೇಳಿದ. ಬೆಳೆಯೋ ಹುಡುಗಿ ಎಷ್ಟು ಬೆಳೀತಾಳೋ ಯಾರಿಗೆ ಗೊತ್ತು ಅಂತ ಗೋಡೆಗೆ ನೇತು ಹಾಕಿದ್ದನ್ನೇ ಇಳಿಸಿಕೊಂಡು ಬಂದ. ಸಿಂಚನ ಕಟ್ಟಿಕೊಂಡಳು. ನಿಂತಾಗ ಅದು ಮೊಣಕಾಲಿನ ತನಕ ಬಂತು. ಕುಕ್ಕರಗಾಲಲ್ಲಿ ಕೂತಳು ನೋಡಿ, ಕವಚ ನೆಲಕ್ಕೆ ತಾಗಿ ಮೇಲೆದ್ದು ಗದ್ದ ನುಂಗಿತು, ಮೂಗು ನುಂಗಿತು, ಹುಡುಗಿಯೇ ಕಾಣೆಯಾದಳು.

"ಅವ್ವಾ, ಕತ್ತಲೆ," ಅಂತ ಒಳಗಿಂದ ಸಣ್ಣ ಧ್ವನಿ ಬಂತು.

ದೇವೀರಮ್ಮನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. "ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಹಾಕ. ಇದು ಕವಚವೋ ಬಾಗಿಲೋ? ದಾರ ಹಿಡಿದು ಅಳತೆ ತಗೊಳ್ಳಬಾರದೇನ್ಲಾ? ನಾಳೆ ಹೆಲ್ಮೆಟ್ಟಿಗೆ ಹೋಗ್ತೀಯಲ್ಲ, ಇವಳ ತಲೆ ಸುತ್ತ ದಾರ ಸುತ್ತಿಕೊಂಡು ಹೋಗು. ಆ ದಾರಕ್ಕೆ ಸರಿಯಾಗಿರೋದನ್ನ ತಾ. ಒಂದು ಕೂದಲೂ ಹೆಚ್ಚು ಕಡಿಮೆ ಆಗಕೂಡದು."

"ಆಗ್ಲವ್ವ."

ಮಾರನೇ ದಿನ ತಂಗಿಯ ತಲೆಗೆ ದಾರ ಸುತ್ತಿ, ಗಂಟು ಹಾಕಿಕೊಂಡು ಹೋದ. ಅಂಗಡಿಯಲ್ಲಿದ್ದ ಹೆಲ್ಮೆಟ್ಟುಗಳಿಗೆಲ್ಲ ದಾರ ಹಾಕಿ ನೋಡಿದ. ಒಂದೂ ಆಗಲಿಲ್ಲ. ಆಗುವುದಾದರೂ ಹೇಗೆ, ಒಳಗೆ ಹಿಡಿಯುವ ದಾರವನ್ನು ಹೊರಗಿಂದ ಸುತ್ತುತ್ತಿದ್ದ. ಖಲೀಲ್ ಸಾಹೇಬರು, "ಒಳಗಡೆ ನೋಡಪ್ಪ," ಅಂದರು. "ಅವ್ವ ಹಾಗೆ ಹೇಳಿಲ್ಲ," ಅಂತ ಎದ್ದು ಬಂದ. ಬರುವಾಗ ತರಕಾರಿ ಅಂಗಡಿ ಮುಂದೆ ನಿಂತ. ದಾರ ತೆಗೆದ, ಹಾಕಿದ. ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಂಜೆ ಮನೆಯಲ್ಲಿ ಅವ್ವನ ಮುಂದೆ ಕುಂಬಳಕಾಯಿ ಇಟ್ಟ.

ದೇವೀರಮ್ಮನ ಕೈಯಲ್ಲಿದ್ದ ಚೆಂಬು ಕೆಳಗೆ ಬಿತ್ತು. ಮಗನ ಮುಖ ನೋಡಿದಳು, ಕುಂಬಳಕಾಯಿ ನೋಡಿದಳು. ಎರಡರಲ್ಲಿ ಯಾವುದಕ್ಕೆ ಬೈಯಬೇಕು ಅಂತ ಒಂದು ಗಳಿಗೆ ತಿಳಿಯಲಿಲ್ಲ.

"ಇದನ್ನ ತಲೆಗೆ ಹಾಕ್ಕೊಂಡು ಆಡ್ತಾಳೇನ್ಲಾ ನನ್ನ ಮಗಳು?"

"ದಾರಕ್ಕೆ ಸರಿಯಾಗಿದೆ ಅವ್ವ, ನೋಡು ಬೇಕಾದ್ರೆ."

"ದಾರಕ್ಕೆ ಬೆಂಕಿ ಬೀಳ. ದಾರ ಬಿಡು. ಹೆಲ್ಮೆಟ್ಟನ್ನ ತಲೆಗೆ ಹಾಕಿ ನೋಡಬೇಕು. ತಲೆ ಅಲ್ಲಾಡಿಸಿದ್ರೆ ಅದು ಅಲ್ಲಾಡಬಾರದು. ಅಲ್ಲಾಡದೆ ಗಟ್ಟಿಯಾಗಿ ಕೂತ್ರೆ ತಗೊಂಡು ಬಾ."

"ಆಗ್ಲವ್ವ."

ಹೋದ. ಹಾಕಿ ನೋಡಿದ. ಯಾರ ತಲೆಗೆ? ಅವ್ವ ಹೇಳಿರಲಿಲ್ಲ, ತನ್ನದೇ ಹತ್ತಿರವಿತ್ತು. ದೊಡ್ಡವು ಅಲ್ಲಾಡಿದವು, ಬಿಟ್ಟ. ಹುಡುಗಿಯರ ಅಳತೆಯದೊಂದನ್ನು ಎರಡೂ ಕೈಯಲ್ಲಿ ಅದುಮಿ ಅದುಮಿ ಇಳಿಸಿದ. ತಲೆ ಕೊಡವಿದ, ಅಲ್ಲಾಡಲಿಲ್ಲ. ಎಳೆದ, ಬರಲೂ ಇಲ್ಲ. ಹಾಗೇ ಬಸ್ಸು ಹತ್ತಿದ. ಜಾಲರಿಯ ಹಿಂದೆ ಕೆಂಪು ಮುಖ ನೋಡಿ ಒಂದು ಮಗು ಕಿಟಾರನೆ ಕಿರುಚಿತು. ಕಂಡಕ್ಟರು ಟಿಕೆಟ್ಟು ಕೊಡಲು ಹತ್ತಿರ ಬರಲಿಲ್ಲ.

ಈ ಸಲ ದೇವೀರಮ್ಮನ ಕೈಯಲ್ಲಿ ಬೀಳಲು ಏನೂ ಇರಲಿಲ್ಲ, ಅವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. ಹರಳೆಣ್ಣೆ ಹಾಕಿ, ಸೋಪು ಹಾಕಿ, ಪಕ್ಕದ ಮನೆಯವರು ಅವನ ಕಾಲು ಹಿಡಿದು, ಅವ್ವ ಹೆಲ್ಮೆಟ್ಟು ಹಿಡಿದು ಎಳೆದರು. ಬಂತು. ಆಶ್ಚರ್ಯ ಅಂದರೆ ಸಿಂಚನಳ ತಲೆಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

"ಒಂದು ಆಯ್ತಲ್ಲ ಅವ್ವ," ಅಂದಳು ಸಿಂಚನ, ಎಣ್ಣೆ ಒರೆಸುತ್ತಾ.

"ಇನ್ನೊಂದಕ್ಕೆ ಇವನ ಕಾಲು ಮುರೀಬೇಕಾ?" ಅಂದಳು ದೇವೀರಮ್ಮ. "ಕೇಳ್ಲಾ ಇಲ್ಲಿ. ನಾಳೆ ಶನಿವಾರ, ಅರ್ಧ ದಿನ ಶಾಲೆ. ಮಧ್ಯಾಹ್ನ ಇವಳನ್ನೇ ಕರ್ಕೊಂಡು ಹೋಗು. ಆ ಎದೆ ಕವಚ ಕೊಟ್ಟು ಚಿಕ್ಕದು ತಗೊ, ಕಾಲಿನ ಗಾರ್ಡು ಹಾಕಿಸು. ಕ್ಯಾಚರ್ ಕೂತು ಆಡೋಳು, ನಿಲ್ಲಿಸಿ ನೋಡಬೇಡ, ಕುಕ್ಕರಗಾಲಲ್ಲಿ ಕೂರಿಸೇ ನೋಡು. ಮೊಣಕಾಲು ಮುಚ್ಚಿರಬೇಕು, ಜಾರಬಾರದು."

"ಆಗ್ಲವ್ವ."

ಗಾರ್ಡು ಸರಿಯಾದದ್ದೇ ಸಿಕ್ಕಿತು. ಆದರೆ ನಿಲ್ಲಿಸಬೇಡ ಅಂದಿದ್ದಳಲ್ಲ ಅವ್ವ. ಅಂಗಡಿಯಲ್ಲಿ ಕೂರಿಸಿದ. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿದ. ಬಸ್ಸಲ್ಲಿ ಯಾರೋ ಅಜ್ಜಿ ಸೀಟು ಕೊಟ್ಟರೆ, "ಬೇಡ ಅಜ್ಜಿ, ಅವಳು ಹೀಗೇ ಇರಬೇಕು," ಅಂತ ಸೀಟುಗಳ ನಡುವೆಯೇ ಕುಕ್ಕರಗಾಲಲ್ಲಿ ಕೂರಿಸಿದ. ಸಿಂಚನ ಎದ್ದಾಗಲೆಲ್ಲ ಭುಜ ಒತ್ತಿದ. ಮನೆ ಮುಟ್ಟುವಾಗ ಅವಳ ಕಾಲು ಜೋಮು ಹಿಡಿದು, ಕಪ್ಪೆಯ ಹಾಗೆ ನೆಗೆಯುತ್ತಾ ಅಂಗಳಕ್ಕೆ ಬಂದಳು.

ದೇವೀರಮ್ಮ ಅವಳನ್ನು ಹಿಡಿದು ಜಗಲಿ ಮೇಲೆ ಕೂರಿಸಿದಳು. ಕಾಲಿಗೆ ಬಿಸಿನೀರು ಹುಯ್ಯುತ್ತಾ ಕೇಳಿದಳು, "ಎದೆ ಕವಚ ಬದಲಾಯಿಸಿದ್ರಾ?"

"ಚಿಕ್ಕದು ಖಾಲಿಯಂತೆ," ಅಂದಳು ಸಿಂಚನ. ಅಷ್ಟು ಹೊತ್ತು ಅಳದವಳು ಆಗ ಅತ್ತಳು.

ದೇವೀರಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು. "ಗವಿಯಾ, ಕೊನೇ ಮಾತು ಹೇಳ್ತೀನಿ. ಇವಳ ಮೈಗೆ ಸರಿಯಾಗೋ ಕವಚ ಎಲ್ಲೇ ಕಾಣಲಿ, ಯೋಚನೆ ಮಾಡ್ತಾ ನಿಲ್ಲಬೇಡ. ಎತ್ಕೊಂಡು ಬಂದು ನನ್ನ ಮುಂದೆ ಇಡು."

"ಆಗ್ಲವ್ವ."

ಭಾನುವಾರ ಬಂತು, ದೇವೀರಮ್ಮನೂ ಮಕ್ಕಳ ಜೊತೆ ಪಂದ್ಯಕ್ಕೆ ಹೋದಳು. ಮೈದಾನದಲ್ಲಿ ಹಾಲಪ್ಪ ಮೇಷ್ಟ್ರು ಆ ಬಾಗಿಲಿನಂಥ ಕವಚ ನೋಡಿ ತಲೆ ಆಡಿಸಿದರು. "ಆಗಲ್ಲಮ್ಮ. ಸಿಂಚನ, ಬೆಂಚಿನ ಮೇಲೆ ಕೂತ್ಕೊ."

ಆ ಕಡೆ ಬಾಣಾವರದ ಕ್ಯಾಚರ್ ತನುಜಾ, ಅವಳೂ ಇವಳಷ್ಟೇ ಕಡ್ಡಿ, ಕವಚ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಕವಚ ಕತ್ತಿನ ಬುಡದಿಂದ ಸೊಂಟದ ತನಕ ಅಚ್ಚುಕಟ್ಟಾಗಿ ಕೂತಿತ್ತು. ಗವಿಯಪ್ಪ ನೋಡಿದ. ಯೋಚನೆ ಮಾಡ್ತಾ ನಿಲ್ಲಲಿಲ್ಲ. ಕುರ್ಚಿಯ ಸಮೇತ ಎತ್ತಿದ.

"ಅಣ್ಣ, ಇಳಿಸಣ್ಣ, ತಲೆಗಿಲೆ ಕೆಟ್ಟಿದೆಯಾ ನಿಂಗೆ," ಅಂತ ಬಾಯ್ತುಂಬ ಬಾಳೆಹಣ್ಣಿಟ್ಟುಕೊಂಡೇ ಅವಳು ಬೈದಳು. ಹಿಂದೆ ಬಾಣಾವರದ ತಂಡಕ್ಕೆ ತಂಡವೇ ಓಡಿ ಬಂತು. ಗವಿಯಪ್ಪ ಮೈದಾನ ದಾಟಿ ಅವ್ವನ ಮುಂದೆ ಕುರ್ಚಿ ಇಳಿಸಿದ.

"ಕವಚ ಸಿಕ್ತು ಅವ್ವ. ಒಳಗೊಂದು ಹುಡುಗಿ ಇದೆ, ತೆಗೆದುಬಿಡು."

ದೇವೀರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹಾಲಪ್ಪ ಮೇಷ್ಟ್ರು ಬಾಯಲ್ಲಿದ್ದ ಸೀಟಿಯನ್ನು ಊದಲೂ ಇಲ್ಲ, ತೆಗೆಯಲೂ ಇಲ್ಲ. ತನುಜಾ ಮಾತ್ರ ಬೆಂಚಿನ ಮೇಲೆ ಕೆಂಪು ಕಣ್ಣು ಮಾಡಿಕೊಂಡು ಕೂತಿದ್ದ ಸಿಂಚನಳನ್ನು ನೋಡಿದಳು.

"ಕವಚ ಇಲ್ಲದೆ ಕೂತಿದ್ದೀಯಾ? ಅಯ್ಯೋ ಮಾರಾಯ್ತಿ, ನಾವು ಬ್ಯಾಟ್ ಮಾಡೋವಾಗ ನಂಗ್ಯಾಕೆ ಇದು? ಆಗ ನೀನು ಹಾಕ್ಕೊ. ನೀವು ಬ್ಯಾಟ್ ಮಾಡೋವಾಗ ವಾಪಸ್ ಕೊಡು."

ಅಷ್ಟು ಸುಲಭದ್ದು ಯಾರಿಗೂ ಹೊಳೆದಿರಲಿಲ್ಲ. ಸಿಂಚನ ಆಡಿದಳು. ಕೊನೆಯಲ್ಲಿ ಒಂದು ಚೆಂಡು ಸಿಡಿದು ನೇರ ಅವಳ ಎದೆಗೇ ಬಡಿಯಿತು, ದೇವೀರಮ್ಮನ ಜೀವ ಬಾಯಿಗೆ ಬಂತು. ಕವಚ ಏಟು ನುಂಗಿತು, ಚೆಂಡು ಮುಂದೆ ಬಿತ್ತು. ಅದನ್ನೆತ್ತಿ, ಓಟ ಗಳಿಸಲು ನುಗ್ಗಿ ಬರುತ್ತಿದ್ದ ತನುಜಾಳನ್ನೇ ಚೆಂಡಿನಿಂದ ಮುಟ್ಟಿ ಔಟ್ ಮಾಡಿದಳು. ಗೆದ್ದರು.

ದೇವೀರಮ್ಮ ಕಣ್ಣೊರೆಸಿಕೊಂಡು, ಮನೆಯಲ್ಲಿ ಪಾಯಸಕ್ಕಿಡಬೇಕು ಅಂತ ಹೊರಟಳು. ಹೊರಡುವಾಗ ಒಂದು ಮಾತು ಹೇಳಿದಳು. ಹೇಳಬಾರದಿತ್ತು.

"ಗವಿಯಾ, ಆ ಕವಚ ಅವರದು. ಹೇಗೆ ತಂದ್ಯೋ ಹಾಗೇ ಜೋಪಾನವಾಗಿ ವಾಪಸ್ ಕೊಟ್ಟು ಬಾ."

"ಆಗ್ಲವ್ವ."

ಪಾಯಸ ಕುದಿಯುವ ಹೊತ್ತಿಗೆ ಗವಿಯಪ್ಪ ಒಬ್ಬನೇ ಬಂದ.

"ಸಿಂಚನ ಎಲ್ಲೋ?"

"ಕೊಟ್ಟು ಬಂದೆ ಅವ್ವ. ದಣಿದು ಕುರ್ಚಿ ಮೇಲೆ ನಿದ್ದೆ ಮಾಡ್ತಿದ್ಲು. ತಂದ ಹಾಗೇ ಎತ್ತಿ ಅವರ ವ್ಯಾನಿಗಿಟ್ಟೆ. ಕುರ್ಚಿ ಇತ್ತು, ಕವಚ ಇತ್ತು, ಒಳಗೊಂದು ಹುಡುಗಿ ಇತ್ತು. ಬಾಳೆಹಣ್ಣು ಮಾತ್ರ ಇರಲಿಲ್ಲ. ಅಂಗಡಿಯಿಂದ ಒಂದು ತಂದು ಕೈಗಿಟ್ಟೆ. ಆಮೇಲೆ ವ್ಯಾನು ಹೋಯ್ತು."

ದೇವೀರಮ್ಮನ ಕೈಯಲ್ಲಿದ್ದ ಸೌಟು ಪಾಯಸದೊಳಗೆ ಬಿತ್ತು.

ವ್ಯಾನು ಹೋಗಿದ್ದು ನಾನು ಕಟ್ಟಿದ ಕತೆ, ಬಿಡಿ. ಕುರ್ಚಿ ಮೇಲೆತ್ತಿದ ಕೂಡಲೇ ಸಿಂಚನಳಿಗೆ ಎಚ್ಚರವಾಗಿ, ಗ್ಲೌಸಿನಲ್ಲಿ ಅಣ್ಣನ ನೆತ್ತಿಗೆ ಬಾರಿಸಿ ಇಳಿದಳಂತೆ. ಆದರೆ ಹಾಗೆ ಮುಗಿಸಿದ್ದರೆ ಗವಿಯಪ್ಪ ಅಷ್ಟು ಮುತುವರ್ಜಿಯಿಂದ ಕೊಂಡು ತಂದ ಬಾಳೆಹಣ್ಣನ್ನು ನಾನು ಯಾರ ಕೈಗೆ ಕೊಡಲಿ?